ಎರಡನೇ ಪುಸ್ತಕ

ನಮ್ಮ ಫೌಂಡ್ರಿಯಲ್ಲಿ ಹಾಜರಿ ಪುಸ್ತಕ ಎರಡು.
ಕೆಂಪು ರೆಕ್ಸಿನ್ ಹೊದಿಕೆಯದು ಮೇಜಿನ ಮೇಲೆ,
ಪಿಎಫ್ ನಂಬರು, ಅಪ್ಪನ ಹೆಸರು, ಊರು ಕೇರಿ ಸಮೇತ
ಮೂವತ್ತೊಂದು ಜನ.
ಇನ್ನೊಂದು, ಇನ್ನೂರು ಪುಟದ ಉದ್ದ ನೋಟ್‌ಬುಕ್ಕು,
ಕೆಳಗಿನ ಡ್ರಾಯರಿನಲ್ಲಿ, ನನ್ನ ಬುತ್ತಿ ಚೀಲದ ಅಡಿ.
ಅದರಲ್ಲಿ ಹೆಸರಿಲ್ಲ.
ಅಸ್ಸಾಂ ಒಂದು, ಅಸ್ಸಾಂ ಎರಡು, ಹೀಗೆ ಹನ್ನೊಂದರವರೆಗೆ.
ಬರೆಯುವವಳು ನಾನೇ. ಎರಡನ್ನೂ ಒಂದೇ ಪೆನ್ನಿನಲ್ಲಿ.

ಮಾಚೇನಹಳ್ಳಿಯ ಈ ಶೆಡ್ಡಿನೊಳಗೆ
ಮಧ್ಯಾಹ್ನ ಎರಡಕ್ಕೆ ಕುಲುಮೆ ಬಾಯಿ ತೆರೆಯುತ್ತದೆ.
ಕೆಂಪು ಪುಸ್ತಕದವರಿಗೆ ಚರ್ಮದ ಬೂಟು, ಏಪ್ರನ್ನು, ಕನ್ನಡಕ.
ಉದ್ದ ಪುಸ್ತಕದವರಿಗೆ
ಸಂತೆಯಲ್ಲಿ ತಾವೇ ಕೊಂಡ ಹವಾಯಿ ಚಪ್ಪಲಿ,
ಮೂಗಿಗೆ ಒದ್ದೆ ಟವೆಲು.
ಹನ್ನೆರಡು ತಾಸು. ನಾನೂರೈವತ್ತು.
ಮಲಗುವ ತಗಡಿನ ಕೋಣೆಗೆ ದಿನಕ್ಕೆ ಮೂವತ್ತು ಮುರಿ.
ಕೂಡಿ ಕಳೆಯುವುದೂ ನನ್ನ ಕೆಲಸ.
ನನಗೆ ಹನ್ನೊಂದು ಸಾವಿರ. ಅದನ್ನೂ ಹೇಳಿಬಿಡಬೇಕು.

ಇನ್‌ಸ್ಪೆಕ್ಟರು ಬರುವ ದಿನ ಮೊದಲೇ ಫೋನು ಬರುತ್ತದೆ.
ಹನ್ನೊಂದೂ ಜನ ಹಿಂದಿನ ಗೇಟಿನಿಂದ ನೀಲಗಿರಿ ತೋಪಿಗೆ.
ಇಸ್ಪೀಟು ಆಡಿ, ತಲೆಗೆ ಎಣ್ಣೆ ಒತ್ತಿಕೊಂಡು
ಸಾಹೇಬರ ಜೀಪು ತಿರುಗುವ ಸದ್ದಿಗೆ ಕಾಯುತ್ತಾರೆ.
ವರ್ಷಕ್ಕೆ ಅವರಿಗೆ ಸಿಗುವ ರಜೆ ಅದೊಂದೇ.
(ಅದಕ್ಕೂ ಅರ್ಧ ದಿನದ ಕೂಲಿ ಕಟ್ಟು. ನಾನೇ ಹಿಡಿದದ್ದು.)

ಅಸ್ಸಾಂ ಏಳು ಒಂದು ದಿನ ಕಿಟಕಿಗೆ ಬಂದು ಕೇಳಿದ:
ಅಕ್ಕಾ, ಈ ಏಳು ಅಂದ್ರೆ ನಾನಾ?
ಹೂಂ ಅಂದೆ.
ನನ್ ಹೆಸ್ರು ಜೋಯ್ನಾಲ್. ಬರೀತೀಯಾ?
ಆಧಾರ್ ತಾ ಅಂದೆ, ಅಭ್ಯಾಸಬಲ.
ನಕ್ಕ. ಮನೆ ಮೂರು ಸಲ ಹೊಳೆಗೆ ಹೋಯಿತಂತೆ,
ಕಾಗದದ ಪೆಟ್ಟಿಗೆ ಎರಡನೇ ಸಲ.
ಉಳಿದ ಎರಡು ಕಾಗದದಲ್ಲಿ ಅಪ್ಪನ ಹೆಸರು ಎರಡು ಥರ.
ಹೊಳೆಗೂ ಕಚೇರಿಗೂ ಮಾತು ತಿಳಿಯಲ್ಲ ಅಕ್ಕಾ, ಎಂದು
ಸ್ವಲ್ಪ ತಡೆದು ಸೇರಿಸಿದ:
ನಿಮ್ಮ ತುಂಗೆ ಒಳ್ಳೇದು. ಸಣ್ಣದು.

ಪಗಾರದ ಚೀಟಿಯ ಬೆನ್ನಿಗೆ ಜೋಯ್ನಾಲ್ ಎಂದು ಬರೆದು ಕೊಟ್ಟೆ.
ಬೆರಳಾಡಿಸಿದ. ಮೊದಲನೇದು ಬಹಳ ಸೊಟ್ಟ ಅಂದ.
ಮಡಚಿ ಟೋಪಿಯೊಳಗೆ ಇಟ್ಟುಕೊಂಡ.

ಮಾರ್ಚಿ ಕೊನೆ, ಆರ್ಡರು ಮುಗಿಸುವ ಅವಸರ.
ಅಚ್ಚಿನ ಮರಳು ಹಸಿಯಿತ್ತೋ, ಸೌಟಿನ ಕೊಕ್ಕೆ ಸವೆದಿತ್ತೋ,
ಕಬ್ಬಿಣದ ನೀರು ಎಗರಿತು.
ಮೊದಲು ಕರಗಿದ್ದು ಹವಾಯಿ ಚಪ್ಪಲಿ.
ಇದಕ್ಕಿಂತ ಹೆಚ್ಚು ಬರೆಯಲಾರೆ.

ದೊಡ್ಡಾಸ್ಪತ್ರೆಗೆ ಓಡಿದ ಲಗೇಜು ಆಟೋದಲ್ಲಿ ನಾನೂ ಇದ್ದೆ.
ಚೀಟಿ ಮಾಡುವ ಕಿಟಕಿಯಲ್ಲಿ ಕೇಳಿದರು, ಹೆಸರು?
ಸೂಪರ್‌ವೈಸರ್ ಪರಮೇಶಣ್ಣ ತಡವರಿಸದೆ,
ರಾಜು. ಶಿಕಾರಿಪುರ. ಮನೇಲಿ ಬಿಸಿನೀರು ಬಿತ್ತು.
ಒಳಗಿನಿಂದ ರಾಜೂ, ರಾಜೂ ಎಂದು ಕೂಗಿದರೆ
ಸ್ಟ್ರೆಚರಿನ ಮೇಲಿದ್ದವನು ಕತ್ತು ಹೊರಳಿಸಲಿಲ್ಲ.
ಕಿವೀನೂ ಕೇಳಲ್ವಾ ಇವ್ನಿಗೆ? ಎಂದಳು ನರ್ಸು.
ನನ್ನ ಬಾಯಲ್ಲಿ ಸರಿಯಾದ ಹೆಸರಿತ್ತು.
ಎಂಜಲು ನುಂಗಿದ ಹಾಗೆ ನುಂಗಿದೆ.

ಐದನೇ ದಿನ ಮಂಚ ಖಾಲಿ.
ರೈಲು ಹತ್ತಿಸಿದ್ವಿ ಅಂದರು. ಯಾವ ರೈಲು ಎಂದು ಕೇಳಿದ್ದಕ್ಕೆ
ಲೆಕ್ಕ ನೋಡಮ್ಮ ನೀನು ಅಂದರು.
ಮರುದಿನ ಹೊಸ ಹುಡುಗ ಬಂದ. ಅವನೂ ಅಸ್ಸಾಂ ಏಳು.
ಉದ್ದ ಪುಸ್ತಕದ ಆ ಸಾಲು ಈಗ ಓದಿದರೆ
ಐದು ಗೈರು, ಆಮೇಲೆ ಹಾಜರು, ಹಾಜರು, ಹಾಜರು.
ಯಾರಿಗೋ ಜ್ವರ ಬಂದು ಬಿಟ್ಟ ಹಾಗಿದೆ.

ಮೇ ತಿಂಗಳಲ್ಲಿ ರಿಜೆಕ್ಟು ರಾಶಿ ತೂಗುವಾಗ
ವಾಲ್ವಿನ ಮುಚ್ಚಳವೊಂದು ಸಿಕ್ಕಿತು, ಮೈಮೇಲೆ ಉಬ್ಬಿದ ಗೀರು.
ಎಂಥದೋ ಗೀಚು, ಗುಜರಿಗೆ ಹಾಕು, ಎಂದ ಪರಮೇಶಣ್ಣ.
ಮರಳಿನಲ್ಲಿ ನೆಟ್ಟಗೆ ಬರೆದದ್ದು
ಎರಕದಲ್ಲಿ ತಿರುವುಮುರುವಾಗಿ ಬರುತ್ತದೆ.
ಅಚ್ಚಿನ ಕೆಲಸದವನಿಗೆ ಇದು ಗೊತ್ತಿರಬೇಕಿತ್ತು.
ಆದರೆ ಚೀಟಿಯಲ್ಲಿದ್ದ ಹಾಗೇ, ಮೊಳೆಯಿಂದ, ನಂಬಿ ಗೀರಿದ್ದಾನೆ.

ಹೆಂಗಸರ ಬಚ್ಚಲಿನ ಒಡಕು ಕನ್ನಡಿಗೆ ಹಿಡಿದೆ.
ಜೋ ನಿಜಕ್ಕೂ ಸೊಟ್ಟಗಿತ್ತು.
ಕೊನೆಯ ಅಕ್ಷರ ಜಾಗ ಸಾಲದೆ ಅಂಚಿಗೆ ಆತುಕೊಂಡಿತ್ತು.

ಒಂದು ಕೆಜಿ ಎಂಟುನೂರು ಗ್ರಾಂ.
ಗುಜರಿ ಲೆಕ್ಕದಲ್ಲಿ ಅಷ್ಟು ಕಡಿಮೆ ಬರೆದೆ.
ಈಗ ಅದು ಕೆಳಗಿನ ಡ್ರಾಯರಿನಲ್ಲಿ, ಉದ್ದ ಪುಸ್ತಕದ ಮೇಲೆ.
ಎಳೆದಾಗಲೆಲ್ಲ ಭಾರಕ್ಕೆ ಕಿರುಗುಡುತ್ತದೆ.
ಎಣ್ಣೆ ಬಿಡಮ್ಮ ಅದಕ್ಕೆ, ಅನ್ನುತ್ತಾನೆ ಪರಮೇಶಣ್ಣ, ದಿನಾ.